ಮಧುತ್ಯಾಗವೂ ಮಧುವಿಲ್ಲದ ಜೇನ್ನೊಣಗಳೂ

ಶ್ರಾವಕನ ಮೂಲಗುಣಗಳು ಎಂಟು. ಮದ್ಯ, ಮಾಂಸ, ಮಧು ಎಂಬ ಮೂರರ ತ್ಯಾಗಕ್ಕೆ ಸಮಂತಭದ್ರಾಚಾರ್ಯರು ಪಂಚಾಣುವ್ರತಗಳನ್ನು ಕೂಡಿಸಿ ಎಂಟೆಂದು ಎಣಿಸಿದರು. ಅಮೃತಚಂದ್ರಾಚಾರ್ಯರು ಆ ಮೂರರೊಡನೆ ಐದು ಉದುಂಬರ ಫಲಗಳನ್ನು ಮೊದಲಿಗೇ ಬಿಡಬೇಕೆಂದು ವಿಧಿಸಿದರು. ಎಣಿಕೆಯ ಕ್ರಮ ಬೇರೆಯಾದರೂ ಮಧುತ್ಯಾಗವು ಎರಡರಲ್ಲಿಯೂ ಇದೆ. ಆದ್ದರಿಂದ ಜೇನುತುಪ್ಪವನ್ನು ಮುಟ್ಟದಿರುವುದು ಜೈನ ಮನೆತನದ ಮೊದಲ ಗುರುತುಗಳಲ್ಲಿ ಒಂದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಈ ತ್ಯಾಗವು ಕಠಿಣವೆನಿಸುವುದಿಲ್ಲ. ಕೃಷ್ಣೆ-ಘಟಪ್ರಭೆಯರ ದಂಡೆಯುದ್ದಕ್ಕೂ ಕಬ್ಬು ಬೆಳೆಯುತ್ತದೆ. ಮಹಾಲಿಂಗಪುರದ ಬೆಲ್ಲವು ನಾಡಿಗೆಲ್ಲ ಹೆಸರಾಗಿದೆ. ಸಿಹಿಗೆ ಕೊರತೆಯಿಲ್ಲದ ಮನೆಯಲ್ಲಿ ಜೇನನ್ನು ಬಿಡುವುದು ಸುಲಭ. ಸುಲಭವಾದ ವ್ರತದಲ್ಲಿ ಒಂದು ಅಪಾಯವೂ ಉಂಟು. ಬಿಟ್ಟ ವಸ್ತುವು ನೆನಪಿನಲ್ಲಿ ಉಳಿಯುತ್ತದೆ. ಯಾವ ಜೀವಕ್ಕಾಗಿ ಬಿಡಲಾಯಿತೋ ಆ ಜೀವವು ಮರೆತುಹೋಗುತ್ತದೆ. ಆ ಜೀವದ ಪರಿಚಯವನ್ನು ಮಾಡಿಕೊಡುವುದೇ ಈ ಪಾಠದ ಉದ್ದೇಶ.

ಶಾಸ್ತ್ರದಲ್ಲಿ ಭ್ರಮರ

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ತ್ರಸಜೀವಗಳ ಇಂದ್ರಿಯಗಳನ್ನು ಎಣಿಸುವಾಗ ಉಮಾಸ್ವಾಮಿಗಳು ಎರಡಿಂದ್ರಿಯಕ್ಕೆ ಕ್ರಿಮಿಯನ್ನೂ, ಮೂರಕ್ಕೆ ಇರುವೆಯನ್ನೂ, ನಾಲ್ಕಕ್ಕೆ ಭ್ರಮರವನ್ನೂ, ಐದಕ್ಕೆ ಮನುಷ್ಯನನ್ನೂ ಉದಾಹರಿಸಿದ್ದಾರೆ. ಸ್ಪರ್ಶನ, ರಸನ, ಘ್ರಾಣ, ಚಕ್ಷು ಎಂಬ ನಾಲ್ಕು ಇಂದ್ರಿಯಗಳುಳ್ಳ ಜೀವಕ್ಕೆ ಆಚಾರ್ಯರು ಆರಿಸಿಕೊಂಡ ಮಾದರಿಯೇ ದುಂಬಿ. ಮುನಿಗಳ ಆಹಾರವಿಧಿಗೂ ಇದೇ ಜೀವದ ಹೆಸರು ಇದೆ. ಹೂವನ್ನು ನೋಯಿಸದೆ ದುಂಬಿಯು ರಸವನ್ನು ಕೊಳ್ಳುವಂತೆ, ದಾತೃವಿಗೆ ಬಾಧೆಯಾಗದಂತೆ ಆಹಾರವನ್ನು ಸ್ವೀಕರಿಸುವುದೇ ಭ್ರಾಮರೀ ವೃತ್ತಿ.

ಈ ನಾಲ್ಕು ಇಂದ್ರಿಯಗಳ ಸೂಕ್ಷ್ಮತೆಯನ್ನು ಆಧುನಿಕ ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. ಜೇನ್ನೊಣಕ್ಕೆ ಎರಡು ದೊಡ್ಡ ಸಂಯುಕ್ತ ನೇತ್ರಗಳೂ ನೆತ್ತಿಯ ಮೇಲೆ ಮೂರು ಚಿಕ್ಕ ಕಣ್ಣುಗಳೂ ಇವೆ. ಅದು ಕೆಂಪು ಬಣ್ಣವನ್ನು ಬಣ್ಣವಾಗಿ ಅರಿಯದು. ಆದರೆ ಮನುಷ್ಯನಿಗೆ ಕಾಣದ ನೇರಳಾತೀತ ಕಿರಣವನ್ನು ಕಾಣಬಲ್ಲುದು. ಜೇನ್ನೊಣಗಳ ಬಣ್ಣದ ಅರಿವನ್ನೂ, ಹೂವಿರುವ ದಿಕ್ಕನ್ನು ನೃತ್ಯದಿಂದ ಸಂಗಾತಿಗಳಿಗೆ ತಿಳಿಸುವ ರೀತಿಯನ್ನೂ ಶೋಧಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ ೧೯೭೩ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಮಧುವುಳ್ಳವು ನಾಲ್ಕು

ಜೇನ್ನೊಣವೆಂದೊಡನೆ ಜನರು ನೆನೆಯುವುದು ಗೂಡು ಕಟ್ಟಿ ಜೇನು ಕೂಡಿಡುವ ನೊಣಗಳನ್ನು. ನಮ್ಮ ನಾಡಿನ ಮೂಲನಿವಾಸಿಗಳಾಗಿ ಇಂಥವು ನಾಲ್ಕು ಬಗೆ. ಎತ್ತರದ ಮರದ ಕೊಂಬೆಗೂ, ಬಂಡೆಗೂ, ನೀರಿನ ಟಾಕಿಗೂ ಒಂದೇ ದೊಡ್ಡ ಹುಟ್ಟನ್ನು ತೂಗುಬಿಡುವುದು ಹೆಜ್ಜೇನು. ಪೊದೆಯ ಕಡ್ಡಿಯೊಂದನ್ನು ಸುತ್ತಿ ಅಂಗೈಯಗಲದ ಹುಟ್ಟನ್ನು ಕಟ್ಟುವುದು ಕೋಲುಜೇನು. ಮರದ ಪೊಟರೆಯ ಕತ್ತಲೆಯಲ್ಲಿ ಹಲವು ಹುಟ್ಟುಗಳನ್ನು ಸಾಲಾಗಿ ಕಟ್ಟುವುದು ತುಡುವೆ. ಗೋಡೆಯ ಸಂದಿಯಲ್ಲಿ ಅಂಟಿನ ಕೊಳವೆಯ ಬಾಗಿಲನ್ನು ಮಾಡಿಕೊಂಡು ವಾಸಿಸುವ, ಮೂರು ನಾಲ್ಕು ಮಿಲಿಮೀಟರ್ ಉದ್ದದ ಕಪ್ಪು ನೊಣವೇ ಮುಜಂಟಿ; ಇದಕ್ಕೆ ಚುಚ್ಚುವ ಮುಳ್ಳಿಲ್ಲ. ಪೆಟ್ಟಿಗೆಗಳಲ್ಲಿ ಸಾಕುವ ಯುರೋಪಿನ ಜೇನ್ನೊಣವು ೧೯೬೦ರ ದಶಕದಲ್ಲಿ ಭಾರತದಲ್ಲಿ ನೆಲೆಗೊಂಡದ್ದು. ಅದು ಇಲ್ಲಿಯ ಕಾಡುಜೀವಿಯಲ್ಲ.

ಪೆಟ್ಟಿಗೆಯ ಜೇನನ್ನು ಯಂತ್ರದಿಂದ ತೆಗೆಯುವುದರಿಂದ ದೋಷವಿಲ್ಲವೆಂದು ಕೆಲವರು ವಾದಿಸುವುದುಂಟು. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದಕ್ಕೆ ಸಮಾಧಾನವಿದೆ. ಗೂಡಿನಿಂದ ತಾನಾಗಿಯೇ ಸೋರಿದ ಜೇನನ್ನು ತೆಗೆದುಕೊಂಡರೂ, ಉಪಾಯದಿಂದ ತೆಗೆದುಕೊಂಡರೂ, ಅದನ್ನು ಆಶ್ರಯಿಸಿದ ಜೀವಗಳ ಘಾತದಿಂದ ಹಿಂಸೆಯುಂಟೆಂಬುದು ಆಚಾರ್ಯರ ನಿರ್ಣಯ.

ಮಧುವಿಲ್ಲದವು ನೂರಾರು

ಲೋಕದಲ್ಲಿ ಈವರೆಗೆ ಗುರುತಿಸಲಾದ ಜೇನ್ನೊಣದ ಜಾತಿಗಳು ೨೦,೦೦೦ಕ್ಕೂ ಹೆಚ್ಚು. ಭಾರತದಲ್ಲಿ ೭೦೦ಕ್ಕೂ ಹೆಚ್ಚು. ಇವುಗಳಲ್ಲಿ ಬಹುಪಾಲು ನೊಣಗಳಿಗೆ ರಾಣಿಯಿಲ್ಲ, ಸೈನ್ಯವಿಲ್ಲ, ಜೇನಿನ ಭಂಡಾರವಿಲ್ಲ. ತಾಯಿಯೊಬ್ಬಳೇ ನೆಲದಲ್ಲಿಯೋ ಕಟ್ಟಿಗೆಯಲ್ಲಿಯೋ ಟೊಳ್ಳು ಕಡ್ಡಿಯಲ್ಲಿಯೋ ಚಿಕ್ಕ ಕೋಣೆಗಳನ್ನು ಮಾಡುತ್ತಾಳೆ. ಪ್ರತಿ ಕೋಣೆಯಲ್ಲಿ ಪರಾಗ-ಮಕರಂದಗಳ ಉಂಡೆಯೊಂದನ್ನಿಟ್ಟು, ಅದರ ಮೇಲೆ ಒಂದು ಮೊಟ್ಟೆಯನ್ನಿಟ್ಟು, ಬಾಯಿ ಮುಚ್ಚುತ್ತಾಳೆ. ಆ ಉಂಡೆಯು ಒಂದು ಮರಿಯ ಬುತ್ತಿ; ಅದಕ್ಕಿಂತ ಹೆಚ್ಚಿನದನ್ನು ಆಕೆ ಕೂಡಿಡಳು.

ಇವುಗಳ ರೂಪವೈವಿಧ್ಯವನ್ನು ಕಂಡವರು ಇವೆಲ್ಲ ಒಂದೇ ಕುಲದವೆಂದು ಬೇಗನೆ ನಂಬಲಾರರು. ಮನೆಯ ತೊಲೆಯನ್ನು ಕೊರೆಯುವ ಗುಂಗಿಹುಳ ಅಥವಾ ಬಡಗಿದುಂಬಿಯು ಹೆಬ್ಬೆರಳಿನ ಗೆಣ್ಣಿನಷ್ಟು ದಪ್ಪ. ಮೈ ಕಪ್ಪು, ರೆಕ್ಕೆಯಲ್ಲಿ ನೀಲಿ-ಹಸಿರಿನ ಲೋಹದ ಹೊಳಪು. ಇದರ ಕೆಲವು ಜಾತಿಗಳಲ್ಲಿ ಹೆಣ್ಣು ಕಪ್ಪಗೂ ಗಂಡು ಪೂರ್ಣ ಹಳದಿಯಾಗಿಯೂ ಇರುವುದರಿಂದ ಎರಡನ್ನೂ ಬೇರೆ ಹುಳಗಳೆಂದೇ ಜನರು ಭಾವಿಸುತ್ತಾರೆ. ಇದರ ಹತ್ತಿರದ ಬಂಧುವಾದ ಸೆರಟಿನಾ ಎಂಬ ನೊಣವು ಅಕ್ಕಿಕಾಳಿಗಿಂತ ತುಸು ದೊಡ್ಡದು. ಕೆಲವು ಜಾತಿಗಳು ಪಚ್ಚೆಯಂತೆ ಹಸಿರು. ಅದು ಒಣಗಿದ ಮೃದು ಕಡ್ಡಿಗಳ ತಿರುಳನ್ನು ತೋಡಿ ಮನೆ ಮಾಡುತ್ತದೆ.

ಎಲೆಕತ್ತರಿ ನೊಣವು ಗುಲಾಬಿಯ ಎಲೆಯ ಅಂಚನ್ನು ದುಂಡಗೆ ಕತ್ತರಿಸಿ ಒಯ್ದು ಮರಿಯ ತೊಟ್ಟಿಲಿಗೆ ಹೊದಿಸುತ್ತದೆ. ಉಳಿದ ನೊಣಗಳು ಪರಾಗವನ್ನು ಹೆಚ್ಚಾಗಿ ಕಾಲಿನಲ್ಲಿ ಹೊತ್ತರೆ ಇದು ಹೊಟ್ಟೆಯ ಕೆಳಗಿನ ಕೂದಲಿನಲ್ಲಿ ಹೊರುತ್ತದೆ. ಇದೇ ಗಣದ ಕೆಲವು ಜಾತಿಗಳು ಎಲೆಯ ಬದಲು ಮಣ್ಣನ್ನು ಬಳಸುತ್ತವೆ. ಬೀಗದ ಕೈತೂತಿನಲ್ಲಿಯೂ ಪುಸ್ತಕದ ಬೆನ್ನಿನಲ್ಲಿಯೂ ಮಣ್ಣು ಮೆತ್ತಿಕೊಂಡಿದ್ದರೆ ಅದು ಇಂಥದೇ ನೊಣದ ಮನೆಯಾಗಿರಬಹುದು.

ನೀಲಪಟ್ಟೆಯ ನೊಣವು ನೆಲದಲ್ಲಿ ಬಿಲ ತೋಡುವುದು. ಕಪ್ಪು ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟಿಗಳು, ಎದೆಯ ಮೇಲೆ ಕಂದು ತುಪ್ಪಳ. ಇದರ ಗಂಡುಗಳು ಸಂಜೆಯಾಗುತ್ತಲೆ ಒಣಹುಲ್ಲಿನ ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು ಅಲ್ಲಿಯೇ ನಿದ್ರಿಸುತ್ತವೆ. ಇದರ ಬಿಲಕ್ಕೆ ಹೊಂಚು ಹಾಕುವ ಇನ್ನೊಂದು ನೊಣವುಂಟು. ಅದು ಕಪ್ಪು ಮೈಯ ಮೇಲೆ ತಿಳಿನೀಲಿಯ ಚುಕ್ಕೆಗಳನ್ನುಳ್ಳ ಚೆಲುವಾದ ನೊಣ. ಕೋಗಿಲೆಯಂತೆ ತಾನು ಮನೆ ಮಾಡದೆ ನೀಲಪಟ್ಟೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ತನ್ನ ಮರಿಗಾಗಿ ಪರಾಗವನ್ನು ಹೊರಬೇಕಾದ್ದಿಲ್ಲವಾದ್ದರಿಂದ ಅದರ ಮೈಯಲ್ಲಿ ಪರಾಗ ಹೊರುವ ಕೂದಲಿಲ್ಲ. ದೇಹದ ರಚನೆಯು ಜೀವನೋಪಾಯವನ್ನು ಅನುಸರಿಸಿದೆ.

ಇವುಗಳ ದುಡಿಮೆಯ ಫಲವು ಪ್ರತಿ ಮನೆಯ ಅಡಿಗೆಯಲ್ಲಿದೆ. ತೊಗರಿಯ ಬಿಗಿಯಾದ ಹೂವನ್ನು ತಮ್ಮ ಭಾರದಿಂದ ತೆರೆದು ಪರಾಗ ಸಾಗಿಸುವವು ಎಲೆಕತ್ತರಿ ಮತ್ತು ಬಡಗಿದುಂಬಿಗಳು. ಟೊಮೇಟೊ ಹೂವಿನ ಪರಾಗವು ಚಿಕ್ಕ ರಂಧ್ರದೊಳಗೆ ಅಡಗಿರುತ್ತದೆ. ನೀಲಪಟ್ಟೆಯು ಹೂವನ್ನು ಹಿಡಿದು ಮೈಯನ್ನು ಕಂಪಿಸಿ ಅದನ್ನು ಉದುರಿಸುತ್ತದೆ. ಹುಟ್ಟು ಕಟ್ಟುವ ಜೇನ್ನೊಣಗಳಿಗೆ ಈ ವಿದ್ಯೆ ತಿಳಿಯದು.

ವ್ರತದ ವ್ಯಾಪ್ತಿ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಧುತ್ಯಾಗವು ಮಧುವುಳ್ಳ ನಾಲ್ಕು ಬಗೆಯ ನೊಣಗಳನ್ನು ಕಾಯುತ್ತದೆ. ಕೀಳಲು ಗೂಡಿಲ್ಲದ, ಕದಿಯಲು ಜೇನಿಲ್ಲದ ಉಳಿದ ನೂರಾರು ಜಾತಿಗಳನ್ನು ಕಾಯುವ ವ್ರತ ಯಾವುದು?

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇದಕ್ಕೆ ದಾರಿ ತೋರಿದ್ದಾರೆ. ಮಧುವ್ರತದ ವಿಶುದ್ಧಿಗಾಗಿ ವ್ರತಿಯು ಪ್ರಾಯಶಃ ಹೂಗಳನ್ನು ತಿನ್ನಬಾರದೆಂದೂ, ಬಸ್ತಿ ಮೊದಲಾದ ಚಿಕಿತ್ಸೆಗಳಲ್ಲಿ ಸಹ ಮಧುವನ್ನು ಬಳಸಬಾರದೆಂದೂ ಅವರು ವಿಧಿಸಿದರು. ಮಧುವಿನ ವ್ರತವನ್ನು ಅವರು ನಾಲಗೆಯಲ್ಲಿ ನಿಲ್ಲಿಸದೆ ಹೂವಿನವರೆಗೆ ಒಯ್ದರೆಂಬುದನ್ನು ಗಮನಿಸಬೇಕು.

ಇಂದು ಹೂವಿನ ಮೇಲೆ ಬೀಳುವುದು ಔಷಧದ ಮಳೆ. ಈ ನಾಲ್ಕು ತಾಲೂಕುಗಳ ಜೈನ ಮನೆತನಗಳಲ್ಲಿ ಒಕ್ಕಲುತನದವು ಬಹಳ. ದಾಳಿಂಬೆ, ಸೂರ್ಯಕಾಂತಿ, ತೊಗರಿ, ಹತ್ತಿ, ತರಕಾರಿಗಳು ಹೂವಾದ ಕಾಲದಲ್ಲಿ ಹಗಲಿನಲ್ಲಿ ಕೀಟನಾಶಕವನ್ನು ಸಿಂಪಡಿಸಿದರೆ, ಆ ಹೊತ್ತಿಗೆ ಹೂವಿನಲ್ಲಿರುವ ನಾಲ್ಕಿಂದ್ರಿಯದ ಜೀವಗಳಿಗೆ ಮರಣ ಅಥವಾ ದಾರಿ ಕಾಣದ ಮಂಕು ಒದಗುತ್ತದೆ. ಹೆಜ್ಜೇನಿನ ಹುಟ್ಟಿನಲ್ಲಿ ಕೆಲವು ನೊಣಗಳು ಸತ್ತರೆ ಉಳಿದ ಸಾವಿರಾರು ನೊಣಗಳು ಮರಿಗಳನ್ನು ಸಾಕುತ್ತವೆ. ಒಂಟಿ ತಾಯಿಯು ಸತ್ತರೆ ಅರ್ಧ ತುಂಬಿದ ಕೋಣೆಯು ಅರ್ಧಕ್ಕೇ ನಿಲ್ಲುತ್ತದೆ. ಇಮಿಡಾಕ್ಲೋಪ್ರಿಡ್‌ನಂತಹ ಔಷಧಗಳು ಬೀಜಕ್ಕೆ ಲೇಪಿಸಿದರೂ ಗಿಡದೊಳಗೆ ಹರಿದು ಪರಾಗ-ಮಕರಂದಗಳನ್ನು ಸೇರಬಲ್ಲವು. ಈ ಕಾರಣದಿಂದಲೇ ಯುರೋಪಿಯನ್ ಒಕ್ಕೂಟವು ೨೦೧೮ರಲ್ಲಿ ಅದನ್ನೂ ಅದರ ಬಳಗದ ಇನ್ನೆರಡನ್ನೂ ಬಯಲಿನ ಬೆಳೆಗಳಲ್ಲಿ ನಿಷೇಧಿಸಿತು.

ಒಕ್ಕಲುತನದ ಹಿಂಸೆಯು ಉದ್ಯೋಗೀ ಹಿಂಸೆ; ಗೃಹಸ್ಥನು ಅದನ್ನು ಸಂಪೂರ್ಣವಾಗಿ ಬಿಡಲಾರನೆಂಬುದನ್ನು ಶಾಸ್ತ್ರವು ಒಪ್ಪಿದೆ. ಬೆಳೆಯನ್ನು ಕಳೆದುಕೊಂಡು ಸಾಲಕ್ಕೆ ಬೀಳೆಂದು ಯಾವ ಆಚಾರ್ಯರೂ ಹೇಳಿಲ್ಲ. ಆದರೆ ಪ್ರಮಾದದಿಂದ ಪ್ರಾಣಹರಣ ಮಾಡುವುದೇ ಹಿಂಸೆಯೆಂಬ ಲಕ್ಷಣವನ್ನು ಮರೆಯಲಾಗದು. ಬೆಳಗಿನ ಬದಲು ಸಂಜೆ ಸಿಂಪಡಿಸಿದರೆ ಉಳಿಯುವ ಜೀವವನ್ನು ಅರಿತೂ ಬೆಳಗ್ಗೆಯೇ ಸಿಂಪಡಿಸಿದರೆ ಅದು ಉದ್ಯೋಗದ ಅನಿವಾರ್ಯತೆಯಲ್ಲ, ಪ್ರಮಾದ. ಆದ್ದರಿಂದ ಈ ಜೀವಗಳನ್ನು ಅರಿಯುವುದು ಅಹಿಂಸಾಣುವ್ರತದ ಅಂಗವೇ ಆಗಿದೆ.

ಪಾಲಿಸಬಹುದಾದ ನಿಯಮಗಳು

೧. ಬೆಳೆಯು ಹೂವಾಗಿರುವಾಗ ಸಾಧ್ಯವಿದ್ದಷ್ಟು ಕೀಟನಾಶಕವನ್ನು ಸಿಂಪಡಿಸಬಾರದು. ಅನಿವಾರ್ಯವಾದರೆ ನೊಣಗಳು ಮನೆ ಸೇರಿದ ಮೇಲೆ, ಹೊತ್ತು ಮುಳುಗುವ ಮುನ್ನ ಸಿಂಪಡಿಸಬೇಕು. ಬದುವಿನ ಹುಲ್ಲಿನಲ್ಲಿ ನಿದ್ರಿಸುವ ನೊಣಗಳಿರುವುದರಿಂದ ಔಷಧವು ಬದುವಿಗೆ ಹಾರದಂತೆ ಗಾಳಿಯನ್ನು ನೋಡಿಕೊಳ್ಳಬೇಕು.

೨. ಹೊಲದ ಬದುವಿನಲ್ಲಿ ಒಂದಿಷ್ಟು ನೆಲವನ್ನು ಅಗೆಯದೆ, ಬೆಂಕಿಯಿಡದೆ ಬಿಡಬೇಕು. ನೆಲದ ನೊಣಗಳ ಬಿಲಗಳು ಅಂಥಲ್ಲಿಯೇ ಇರುತ್ತವೆ.

೩. ಬಸದಿಯ ಅಥವಾ ಮನೆಯ ಮೇಲಿನ ಹೆಜ್ಜೇನಿಗೆ ಹೊಗೆ ಹಾಕಬಾರದು. ಹೆಜ್ಜೇನು ವಲಸೆಯ ಜೀವಿ. ಋತು ಬದಲಾದಾಗ ತಾನಾಗಿಯೇ ಹೊರಡುತ್ತದೆ. ಅಲ್ಲಿಯವರೆಗೆ ಜನರನ್ನು ದೂರವಿರಿಸುವುದು ಯೋಗ್ಯ.

೪. ಹಳೆಯ ತೊಲೆ, ಬಿದಿರು, ಒಣಕಡ್ಡಿಗಳನ್ನು ಒಲೆಗೆ ಹಾಕುವ ಮುನ್ನ ದುಂಡನೆಯ ರಂಧ್ರಗಳಿವೆಯೇ ಎಂದು ಪರೀಕ್ಷಿಸಬೇಕು. ಕಟ್ಟಿಗೆಯ ಶೋಧನೆಯು ಶ್ರಾವಿಕೆಯರಿಗೆ ಹೊಸದಲ್ಲ.

೫. ಗುಲಾಬಿಯ ಎಲೆಯಂಚು ದುಂಡಗೆ ಕತ್ತರಿಸಿದ್ದರೆ ಅದನ್ನು ರೋಗವೆಂದು ತಿಳಿದು ಔಷಧ ಹೊಡೆಯಬಾರದು. ಅದರಿಂದ ಗಿಡವು ಸಾಯುವುದಿಲ್ಲ.

ಚಾತುರ್ಮಾಸದ ನಾಲ್ಕು ತಿಂಗಳ ಮಟ್ಟಿಗಾದರೂ ಈ ಐದರಲ್ಲಿ ಒಂದನ್ನು ನಿಯಮವಾಗಿ ಸ್ವೀಕರಿಸಬಹುದು. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದ ಮನೆಯವರು ಅದೇ ದಿನ ಹೊಲದಲ್ಲಿ ಆಳಿನಿಂದ ಔಷಧ ಹೊಡೆಸಿದರೆ ಕೃತದಿಂದ ತಪ್ಪಿಸಿಕೊಂಡರೂ ಕಾರಿತದಿಂದ ತಪ್ಪಿಸಿಕೊಂಡಂತಾಗುವುದಿಲ್ಲ.

ಮನನಕ್ಕೆ ಪ್ರಶ್ನೆಗಳು

೧. ಭ್ರಮರಕ್ಕೆ ಇರುವ ಇಂದ್ರಿಯಗಳು ಯಾವುವು?
೨. ಜೇನು ಕೂಡಿಡುವ ನಾಲ್ಕು ಮೂಲನಿವಾಸಿ ನೊಣಗಳನ್ನು ಹೆಸರಿಸಿರಿ.
೩. ಆಶಾಧರರು ಮಧುವ್ರತದ ವಿಶುದ್ಧಿಗೆ ಹೂವಿನ ವಿಷಯವನ್ನು ಏಕೆ ಸೇರಿಸಿರಬಹುದು?
೪. ನಿಮ್ಮ ಹೊಲದ ಬದುವಿನಲ್ಲಿ ಅಥವಾ ಹಿತ್ತಲಿನಲ್ಲಿ ಕಂಡ ಮೂರು ಬಗೆಯ ನೊಣಗಳ ಬಣ್ಣ, ಗಾತ್ರ, ಮನೆಯ ಸ್ಥಳಗಳನ್ನು ಬರೆಯಿರಿ. ಹಿಡಿಯದೆ, ದೂರದಿಂದಲೇ ನೋಡಿ ಬರೆಯಬೇಕು.