ನೀರು ಯಾರದ್ದು, ರಸ್ತೆ ಯಾರದ್ದು: ಡೊಂಬಿವಲಿಯ ಸೊಸೈಟಿ ಕಾರ್ಯದರ್ಶಿಯ ಪಾಠಗಳು

ಡೊಂಬಿವಲಿ ಪೂರ್ವದ ಹೌಸಿಂಗ್ ಸೊಸೈಟಿಯೊಂದರ ಕಾರ್ಯದರ್ಶಿಯಾದವನ ಹೊತ್ತು ಲೆಕ್ಕಪತ್ರಕ್ಕಿಂತ ಹೆಚ್ಚಾಗಿ ನೀರು, ರಸ್ತೆಯ ಅರ್ಜಿಗಳಲ್ಲೇ ಕಳೆಯುತ್ತದೆ. ಮುಂದೆ ಆ ಕುರ್ಚಿಗೆ ಬರುವವರಿಗೆ ನಾನು ಹೇಳುವುದು ಇವಿಷ್ಟು.

1. ಅರ್ಜಿ ಬರೆಯುವ ಮೊದಲು ಯಜಮಾನನನ್ನು ಹುಡುಕಿ. ಕಲ್ಯಾಣ–ಶೀಳ್ ರಸ್ತೆಯನ್ನು ಅಗಲ ಮಾಡಿದ್ದು ರಾಜ್ಯ ರಸ್ತೆ ಅಭಿವೃದ್ಧಿ ನಿಗಮ. ಅದಕ್ಕೆ ಸೇರುವ ಗಲ್ಲಿ ಪಾಲಿಕೆಯದ್ದಿರಬಹುದು, ಕೈಗಾರಿಕಾ ಅಭಿವೃದ್ಧಿ ನಿಗಮದ್ದೂ (ಎಂಐಡಿಸಿ) ಇರಬಹುದು. ತಪ್ಪು ಮೇಜಿಗೆ ಹೋದ ಅರ್ಜಿಗೆ ‘ಆಮ್ಚಾ ನಾಹಿ’ (ನಮ್ಮದಲ್ಲ) ಎಂಬ ಉತ್ತರ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ರಸ್ತೆಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ, ಗಾಯಗೊಂಡವರಿಗೆ 50 ಸಾವಿರದಿಂದ 2.5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಅಂದಮೇಲೆ ರಸ್ತೆ ಯಾರದ್ದು ಎಂಬುದು ಈಗ ದುಡ್ಡಿನ ಪ್ರಶ್ನೆಯೂ ಹೌದು.

2. ನಿಮ್ಮ ನೀರು ಎಲ್ಲಿಂದ ಬರುತ್ತದೆಂದು ತಿಳಿದಿರಿ. ನವಿ ಮುಂಬಯಿಯವರದ್ದು ಪುಣ್ಯ. ಅಲ್ಲಿಯ ಪಾಲಿಕೆ 2002ರಲ್ಲೇ ಖಾಲಾಪುರದ ಬಳಿಯ ಮೊರ್ಬೆ ಅಣೆಕಟ್ಟನ್ನು ಕೊಂಡುಕೊಂಡಿತು. ಠಾಣೆಗೆ ಅಂಥ ಸ್ವಂತ ಅಣೆಕಟ್ಟಿಲ್ಲ; ತಾನೇ ಎತ್ತುವ ನೀರಿನ ಜತೆ ಸ್ಟೆಮ್ ಎಂಬ ನೀರು ಪೂರೈಕೆ ಕಂಪನಿ, ಎಂಐಡಿಸಿ, ಮುಂಬಯಿ ಪಾಲಿಕೆ ಕೊಡುವ ಪಾಲನ್ನೂ ಕೂಡಿಸಿಕೊಳ್ಳಬೇಕು. ಕಲ್ಯಾಣ–ಡೊಂಬಿವಲಿ ಪಾಲಿಕೆ ಉಲ್ಹಾಸ್ ನದಿಯಿಂದ ಎತ್ತುತ್ತದೆ. ನಮ್ಮ ಸುತ್ತಲಿನ 27 ಹಳ್ಳಿಗಳಿಗೆ ಬರುವುದು ಎಂಐಡಿಸಿಯ ಬಾರ್ವಿ ಅಣೆಕಟ್ಟಿನ ನೀರು. ಆ ಹಳ್ಳಿಗಳ ಕಥೆಯೇ ಬೇರೆ: 1983ರಲ್ಲಿ ಪಾಲಿಕೆಯ ಒಳಗೆ, 2002ರಲ್ಲಿ ಹೊರಗೆ, 2015ರಲ್ಲಿ ಮತ್ತೆ ಒಳಗೆ. 2020ರಲ್ಲಿ 18 ಹಳ್ಳಿಗಳನ್ನು ಬೇರ್ಪಡಿಸಿದ ಸರ್ಕಾರದ ನಿರ್ಧಾರವನ್ನು ಹೈಕೋರ್ಟ್ ರದ್ದು ಮಾಡಿತು. ತೆರಿಗೆ ಒಬ್ಬರಿಗೆ, ನೀರು ಇನ್ನೊಬ್ಬರದ್ದು. ನಲ್ಲಿ ಒಣಗಿದಾಗ ಇಬ್ಬರೂ ಪರಸ್ಪರ ಕೈ ತೋರಿಸುತ್ತಾರೆ.

3. ಅಣೆಕಟ್ಟಿನ ಗೋಡೆ ಎದ್ದ ಮಾತ್ರಕ್ಕೆ ನೀರು ನಿಲ್ಲುವುದಿಲ್ಲ. ಬಾರ್ವಿಯ ಎತ್ತರ ಹೆಚ್ಚಿಸುವ ಕಾಮಗಾರಿ ಮುಗಿದರೂ ಪೂರ್ಣ ಮಟ್ಟಕ್ಕೆ ನೀರು ತುಂಬಲು ಆಗಲಿಲ್ಲ. ಮುಳುಗಡೆಯಾಗುವ ಮುರ್ಬಾಡ್ ಕಡೆಯ ಹಳ್ಳಿಯವರ ಪುನರ್ವಸತಿ ಬಾಕಿ ಇತ್ತು. ಪರಿಹಾರದ ಜತೆಗೆ ಮನೆಗೊಬ್ಬರಿಗೆ ನೌಕರಿ ಬೇಕೆಂದು ಅವರು ಪಟ್ಟು ಹಿಡಿದರು. ಕೊನೆಗೆ ಆ ಅಣೆಕಟ್ಟಿನ ನೀರು ಕುಡಿಯುವ ಪಾಲಿಕೆಗಳೂ ಎಂಐಡಿಸಿಯೂ ನೌಕರಿ ಕೊಡಬೇಕೆಂದು ತೀರ್ಮಾನವಾಯಿತು. ಹೊಸ ಎತ್ತರಕ್ಕೆ ಅಣೆಕಟ್ಟು ತುಂಬಿದ್ದು 2019ರ ಮಳೆಗಾಲದಲ್ಲಿ. ಸೊಸೈಟಿ ಸಭೆಯಲ್ಲಿ ‘ಹಳ್ಳಿಯವರು ಅಡ್ಡಗಾಲು ಹಾಕುತ್ತಾರೆ’ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಬಾತ್‌ರೂಮಿನ ಷವರಿಗೆ ಹೊಲ, ಮನೆ ಕೊಟ್ಟವರು ಬೆಲೆ ಕೇಳಿದರೆ ಅದು ಅಡ್ಡಗಾಲು ಹೇಗಾಗುತ್ತದೆ?

4. ನೀರಿನ ಶಟ್‌ಡೌನ್ ಇಪ್ಪತ್ನಾಲ್ಕು ಗಂಟೆ ಎಂದರೆ ಎರಡು ದಿನ ಎಂದೇ ಲೆಕ್ಕ ಹಾಕಿ. ಕೊಳವೆ ತುಂಬಿ ಒತ್ತಡ ಬರುವವರೆಗೆ ಮೇಲಿನ ಮಹಡಿಗೆ ನೀರು ಏರದು. ಟ್ಯಾಂಕರಿಗೆ ಮೊದಲೇ ಹೇಳಿಡಿ.

5. ರೈಲು ಹಳಿಯ ಮೇಲಿನ ಸೇತುವೆ ಎಂದಮೇಲೆ ಗಡುವನ್ನು ನಂಬಬೇಡಿ. ಬ್ರಿಟಿಷರ ಕಾಲದ ಕಲ್ಯಾಣದ ಪತ್ರಿಪುಲ್ ಅನ್ನು 2018ರಲ್ಲಿ ಕೆಡವಿದರು. ಹೊಸದು ತೆರೆದದ್ದು 2021ರ ಜನವರಿಯಲ್ಲಿ. ಡೊಂಬಿವಲಿಯ ಕೋಪರ್ ಸೇತುವೆ 2019ರಿಂದ 2021ರವರೆಗೆ ಮುಚ್ಚಿತ್ತು. ಗರ್ಡರ್ ಸಿದ್ಧವಿದ್ದರೆ ಸಾಲದು, ರೈಲು ಸಂಚಾರ ನಿಲ್ಲಿಸುವ ಮೆಗಾಬ್ಲಾಕ್ ಸಿಗಬೇಕು. ಲೋಕಲ್ ನಿಲ್ಲಿಸಿ ಸೇತುವೆ ಕಟ್ಟಿ ಎಂದು ಕೇಳುವ ಧೈರ್ಯ ಯಾವ ನಗರಸೇವಕನಿಗಿದೆ?

6. ಕೇಂದ್ರದ ಹೆದ್ದಾರಿಯಾದರೂ ಕಥೆ ಬೇರೆಯಲ್ಲ. ಉಡುಪಿ, ಮಂಗಳೂರಿಗೆ ಕಾರಿನಲ್ಲಿ ಹೊರಡುವ ನಮ್ಮವರು ಪನ್ವೇಲ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 66 ಹಿಡಿಯುತ್ತಾರೆ. ಪನ್ವೇಲ್‌ನಿಂದ ಇಂದಾಪುರದವರೆಗಿನ 84 ಕಿಲೋಮೀಟರ್ ಅಗಲೀಕರಣ ಹೆದ್ದಾರಿ ಪ್ರಾಧಿಕಾರದ ಪಾಲು. ಅದು 2011ರಲ್ಲಿ ಶುರುವಾಗಿ ಹತ್ತು ವರ್ಷ ದಾಟಿಯೂ ಎಳೆಯಿತು. ಇಂದಾಪುರದಿಂದ ಮುಂದಿನದ್ದು ರಾಜ್ಯದ ಲೋಕೋಪಯೋಗಿ ಇಲಾಖೆಯ ಪಾಲು. ದಾರಿಯಲ್ಲಿ ಟಯರ್ ಒಡೆದರೆ ದೂರಿನಲ್ಲಿ ಫೋಟೋದ ಜತೆ ಕಿಲೋಮೀಟರ್ ಕಲ್ಲಿನ ಸಂಖ್ಯೆಯೂ ಬರಲಿ. ಅದಿಲ್ಲದ ದೂರನ್ನು ಎರಡೂ ಕಚೇರಿಗಳು ಒಂದೇ ಸಲಕ್ಕೆ ಇನ್ನೊಂದರತ್ತ ತಳ್ಳಬಲ್ಲವು.