ಹಳೆಯ ಡೀಸೆಲ್ ಗಾಡಿಯ ಬ್ರೇಕಿಗೆ ನಿರ್ವಾತ ಪಂಪಿನ ನೆರವು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹಳೆಯ ಡೀಸೆಲ್ ಕಾರು, ಜೀಪು ಇಟ್ಟುಕೊಂಡ ರೈತರು ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಎಂಜಿನ್ ನಿಲ್ಲಿಸಬಾರದು.

ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ನಿರ್ವಾತ ತಾನಾಗಿ ಉಂಟಾಗುತ್ತದೆ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಗಾಳಿಗೆ ತಡೆಯಿಲ್ಲ. ಆದುದರಿಂದ ಬೇರೆ ಪಂಪು ಬೇಕು. ಹಲವು ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಹಿಂಬದಿಯಲ್ಲಿರುತ್ತದೆ. ಪೆಡಲು ತುಳಿದೊಡನೆ ಬೂಸ್ಟರಿನ ರಬ್ಬರ್ ಪರದೆಯ ಒಂದು ಬದಿಗೆ ಹೊರಗಾಳಿ ನುಗ್ಗುತ್ತದೆ. ಇನ್ನೊಂದು ಬದಿಯಲ್ಲಿ ನಿರ್ವಾತವಿರುವುದರಿಂದ ಪರದೆ ಮುಂದೆ ಸರಿದು ಕಾಲಿಗೆ ಬಲ ಕೂಡಿಸುತ್ತದೆ. ಎಂಜಿನ್ ನಿಂತರೆ ಈ ನೆರವು ಕೆಲವೇ ತುಳಿತಕ್ಕೆ ಮುಗಿದು ಪೆಡಲು ಬಿಗಿಯಾಗುತ್ತದೆ.

ಪರೀಕ್ಷೆ: ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಕೈಬ್ರೇಕ್ ಹಾಕಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಬಿಗಿಯಾಗುವವರೆಗೆ ಪೆಡಲು ತುಳಿಯಿರಿ. ಕಾಲು ತೆಗೆಯದೆ ಎಂಜಿನ್ ಚಾಲೂ ಮಾಡಿ. ಪೆಡಲು ತುಸು ಕೆಳಗಿಳಿದರೆ ಬೂಸ್ಟರು ಕೆಲಸಮಾಡುತ್ತಿದೆ. ಇಳಿಯದಿದ್ದರೆ ಕೊಳವೆಯ ಬಿರುಕು, ಕವಾಟ, ಪಂಪುಗಳನ್ನು ಮೆಕ್ಯಾನಿಕ್‌ಗೆ ತೋರಿಸಿ ಸರಿಪಡಿಸಿದ ಮೇಲೆಯೇ ಮೂಟೆ ಹೇರಿ.