ಹಳೇ ಕೋಳಿಗಳೊಳಗೆ ಹೊಸ ಹೇಂಟೆಗಳನ್ನು ಸೇರಿಸುವ ಕ್ರಮ

ಬಾದಾಮಿ ಹುನಗುಂದಗಳಂಥ ಮಳೆ ಕಡಿಮೆಯಾದ ಸೀಮೆಯಲ್ಲಿ ಹೊಲದ ಕೆಲಸ ನಿಂತಾಗ, ಉಪ್ಪು ಎಣ್ಣೆಗಳ ವೆಚ್ಚವನ್ನು ಮನೆಯ ಹೆಂಗಸರು ಅನೇಕ ವೇಳೆ ತತ್ತಿಯ ಹಣದಿಂದಲೇ ಸಾಗಿಸುತ್ತಾರೆ. ಕೋಳಿಗಳು ಮುದಿಯಾಗಿ ತತ್ತಿ ಕಡಿಮೆಯಾದರೆ ಸಂತೆಯಿಂದ ನಾಲ್ಕಾರು ಎಳೆಯ ಹೇಂಟೆಗಳನ್ನು ತಂದು ಅದೇ ಸಂಜೆ ಹಳೆಯವುಗಳೊಳಗೆ ಬಿಡುವವರುಂಟು. ಈ ಆತುರದಿಂದ ಎರಡು ಕೇಡುಗಳು ಬರುವವು: ಒಂದು ರೋಗ, ಇನ್ನೊಂದು ಕಾದಾಟ. ಕಾದಾಟದಿಂದ ಒಂದು ಕೋಳಿ ಸತ್ತೀತು. ರೋಗದಿಂದ ಗೂಡೇ ಬರಿದಾದೀತು. ಆದಕಾರಣ ರೋಗದ ಮಾತನ್ನೇ ನಾವು ಮೊದಲು ವಿಚಾರಿಸುವೆವು.

ರೋಗದ ವಿಷಯ

ಕೊಕ್ಕರೆ ರೋಗವೆನಿಸುವ ರಾಣಿಖೇತ ರೋಗವು ಹೊಕ್ಕ ಕೋಳಿಯು 2ರಿಂದ 15 ದಿನಗಳ ವರೆಗೆ ಸ್ವಸ್ಥವಾಗಿಯೇ ತೋರಬಹುದು. ಬಳಿಕ ಬಾಯಿ ತೆರೆದು ಉಸಿರಾಡುವದು, ಹಸುರು ಹಿಕ್ಕೆ ಹಾಕುವದು, ಕತ್ತು ತಿರುಚಿಕೊಳ್ಳುವದು. ಬಂದ ಮೇಲೆ ಇದಕ್ಕೆ ಔಷಧವಿಲ್ಲ. ಮುಂಚಿತವಾಗಿ ಹಾಕಿಸುವ ಲಸಿಕೆಯೇ ಗತಿ. ಆದದರಿಂದ ಹೊಸ ಹೇಂಟೆಗಳನ್ನು ಕಡಿಮೆಯೆಂದರೆ 3 ವಾರ, ಸಾಧ್ಯವಾದರೆ 30 ದಿನ, ಹಿತ್ತಿಲಿಗೆ ದೂರವಾದ ಕಡೆಯಲ್ಲಿ ಇಟ್ಟು, ಬೇರೆ ಪಾತ್ರೆಯಲ್ಲಿ ನೀರು ಕೊಡತಕ್ಕದ್ದು. ಹಳೆಯವುಗಳಿಗೆ ಮೊದಲು ಕಾಳು ಹಾಕಿ, ಹೊಸವುಗಳ ಬಳಿಗೆ ಆಮೇಲೆ ಹೋಗಿ, ಕೈಕಾಲು ತೊಳೆಯಬೇಕು. ರೆಕ್ಕೆಯ ಕೆಳಗೆ ಹೇನು ಇದೆಯೋ ಎಂದು ನೋಡಬೇಕು. ಪಶು ಚಿಕಿತ್ಸಾಲಯದಲ್ಲಿ ವಿಚಾರಿಸಿ, ಹೊಸ ಹಳೆಯ ಎಲ್ಲವುಗಳಿಗೂ ಈ ಅವಧಿಯಲ್ಲಿಯೇ ಲಸಿಕೆ ಹಾಕಿಸುವದು ಒಳ್ಳೇದು.

ಕಾದಾಟದ ವಿಷಯ

ಕೋಳಿಗಳೊಳಗೆ ಹಿರಿತನ ಕಿರಿತನದ ಕಟ್ಟುಂಟು. ಹಿರಿಯದು ಕಿರಿಯದನ್ನು ಕುಕ್ಕುವದು. ಕಿರಿಯದು ದಾರಿ ಬಿಡುವದು. ನಾರ್ವೆ ದೇಶದ ಷೆಲ್ಡೆರುಪ್-ಎಬ್ಬೆ ಎಂಬ ವಿದ್ವಾಂಸರು ಇದನ್ನು ಗುರುತಿಸಿ 1922ರಲ್ಲಿ ಪ್ರಕಟಿಸಿದರು. ಹೊಸ ಹೇಂಟೆ ಬಂದರೆ ಆ ಕಟ್ಟು ಕದಲುವದು. ಅದು ತಿರಿಗಿ ನಿಲ್ಲುವ ತನಕ ಕುಕ್ಕಾಟ ತಪ್ಪದು. ಅದನ್ನು ಹಗುರಮಾಡುವದಷ್ಟೇ ನಮ್ಮ ಕೈಯಲ್ಲಿದೆ. ಹೇಗಂದರೆ:

1. ಮೈ ತುಂಬದ ಮರಿಗಳನ್ನು ಸೇರಿಸಬಾರದು. ಗಿರಿರಾಜ, ಸ್ವರ್ಣಧಾರಾ ತಳಿಗಳ ಮರಿಗಳು ಬೇಗ ಬೆಳೆಯುವವಾದರೂ, ಹಳೇ ಕೋಳಿಗಳಿಗೆ ಸಮನಾಗುವ ತನಕ ಅವುಗಳನ್ನು ಬೇರೆಯೇ ಇಡಬೇಕು. ಒಂಟಿ ಹೇಂಟೆಯನ್ನೂ ಬಿಡಬಾರದು; ಎರಡು ಮೂರು ಒಟ್ಟಿಗೆ ಇದ್ದರೆ ಏಟು ಹಂಚಿಹೋಗುವದು.

2. ಮೇಲೆ ಹೇಳಿದ ಅವಧಿ ತೀರಿದ ಬಳಿಕ, ಒಂದು ವಾರ ನಡುವೆ ತಂತಿಯ ಜಾಲರಿ ಕಟ್ಟಿ ಇಡಿರಿ. ಒಂದನ್ನೊಂದು ನೋಡಲಿ, ಮುಟ್ಟದಿರಲಿ.

3. ಕತ್ತಲಾದ ಮೇಲೆ ಹೊಸವುಗಳನ್ನು ಹಳೆಯವುಗಳ ಸಾಲಿನಲ್ಲಿ ಕೋಲಿನ ಮೇಲೆ ಕೂರಿಸಿರಿ. ಕತ್ತಲಲ್ಲಿ ಕೋಳಿಗೆ ಕಣ್ಣು ಚೆನ್ನಾಗಿ ಕಾಣದು. ನಸುಕಿನಲ್ಲಿಯೇ ಗೂಡು ತೆರೆದು, ಹತ್ತಿರ ನಿಂತು ನೋಡಿರಿ.

4. ಜೋಳದ ನುಚ್ಚನ್ನೂ ನೀರನ್ನೂ ಎರಡು ಮೂರು ಕಡೆ ಇಡಿರಿ. ಗೋಡೆಗೆ ಕಣಕಿಯ ಸೂಡುಗಳನ್ನು ಒರಗಿಸಿದರೆ ಸೋತ ಹೇಂಟೆಗೆ ಮರೆಯಾಗುವದು.

5. ರಕ್ತ ಕಂಡರೆ ತಡಮಾಡದೆ ಗಾಯಗೊಂಡದ್ದನ್ನು ಬೇರೆ ಮಾಡಿರಿ. ಕೆಂಪನ್ನು ಕಂಡು ಎಲ್ಲವೂ ಕುಕ್ಕುವವು. ಒಂದೇ ಹಳೇ ಕೋಳಿಯು ಬಿಡದೆ ಕಾಡುತ್ತಿದ್ದರೆ, ಅದನ್ನೇ ಎರಡು ಮೂರು ದಿನ ಬುಟ್ಟಿಯ ಕೆಳಗೆ ಮುಚ್ಚಿಡಿರಿ. ತಿರಿಗಿ ಬಿಟ್ಟಾಗ ಅದರ ಅಹಂಕಾರ ಇಳಿದಿರುವದು.

ಹಳೇ ಕೋಳಿಗಳು ಕೆಲವು ದಿನ ತತ್ತಿ ಕಡಿಮೆ ಇಟ್ಟರೆ ಅಂಜಬೇಡಿರಿ. ತಿಂಗಳೊಪ್ಪತ್ತಿನ ತಾಳ್ಮೆಗೆ ಬೇಕಾದದ್ದು ಒಂದು ಬುಟ್ಟಿ, ಒಂದು ನೀರಿನ ಪಾತ್ರೆ. ತಾಳ್ಮೆಗೆಟ್ಟರೆ ಹೋಗುವದು ವರುಷದ ತತ್ತಿಯ ಹಣ.

ಪ್ರಶ್ನೆಗಳು: ಸ್ವಸ್ಥವಾಗಿ ತೋರುವ ಹೇಂಟೆಯನ್ನೂ ಯಾಕೆ ಬೇರೆ ಇಡಬೇಕು? ಕಾಳು ಹಾಕುವಾಗ ಯಾವವುಗಳ ಬಳಿಗೆ ಮೊದಲು ಹೋಗಬೇಕು? ಕಾದಾಟವು ಬಲವಾದರೆ ಯಾವದನ್ನು ಮುಚ್ಚಿಡಬೇಕು?